ವಯಸ್ಕರ ಬರವಣಿಗೆ ಕಮ್ಮಟಗಳಲ್ಲಿ ‘ತಪ್ಪಿ’ನ ಸ್ವರೂಪ: ಕನ್ನಡ ನವಸಾಕ್ಷರರ ಬರಹವನ್ನು ಓದುವ ಒಂದು ಭಾಷಿಕ ಚೌಕಟ್ಟು

ಸಾರಾಂಶ

ಸಮುದಾಯ ಮಟ್ಟದ ಬರವಣಿಗೆ ಕಮ್ಮಟಗಳಲ್ಲಿ ವಯಸ್ಕ ಕಲಿಕಾರ್ಥಿಗಳು ಬರೆಯುವ ಕನ್ನಡವು ಶಿಷ್ಟ ಬರಹದಿಂದ ಹಲವು ರೀತಿಗಳಲ್ಲಿ ಭಿನ್ನವಾಗಿರುತ್ತದೆ. ಈ ಭಿನ್ನತೆಗಳೆಲ್ಲವನ್ನೂ ‘ಕಾಗುಣಿತ ದೋಷ’ ಎಂಬ ಒಂದೇ ಹೆಸರಿನಡಿ ತಿದ್ದುವುದು ಭಾಷಾವಿಜ್ಞಾನದ ದೃಷ್ಟಿಯಿಂದ ಸರಿಯಲ್ಲ, ಬೋಧನೆಯ ದೃಷ್ಟಿಯಿಂದ ಹಾನಿಕರ ಎಂಬುದು ಈ ಲೇಖನದ ವಾದ. ಲಿಪಿರಚನೆಗೆ ಸಂಬಂಧಿಸಿದ ವ್ಯತ್ಯಾಸಗಳು, ಉಪಭಾಷೆಯ ಧ್ವನಿವ್ಯವಸ್ಥೆಯಿಂದ ಬಂದವು, ಮತ್ತು ರೂಪ ಹಾಗೂ ಶೈಲಿಗೆ ಸೇರಿದವು ಎಂದು ಇವುಗಳನ್ನು ಮೂರಾಗಿ ವಿಂಗಡಿಸಿ, ಒಂದೊಂದಕ್ಕೂ ಬೇರೆ ಬೇರೆ ಬೋಧನಾಕ್ರಮ ಏಕೆ ಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ. ಕಲಿಕಾರ್ಥಿಗಳದ್ದೆಂದು ಕೊಟ್ಟಿರುವ ವಾಕ್ಯಗಳು ವಿವರಣೆಗಾಗಿ ರಚಿಸಿದವು. ಅವುಗಳಲ್ಲಿನ ಉಪಭಾಷಿಕ ಲಕ್ಷಣಗಳು ಕನ್ನಡದಲ್ಲಿ ಚಿರಪರಿಚಿತವಾದವು.

ಪ್ರಮುಖ ಪದಗಳು: ನವಸಾಕ್ಷರರು, ಬರವಣಿಗೆ ಕಮ್ಮಟ, ಅಕ್ಷರ, ಉಪಭಾಷೆ, ಶಿಷ್ಟ ಬರಹ, ಅತಿತಿದ್ದುಪಡಿ

1. ಪೀಠಿಕೆ

ರಾಷ್ಟ್ರೀಯ ಸಾಕ್ಷರತಾ ಮಿಷನ್ 1988ರಲ್ಲಿ ಆರಂಭವಾದಾಗ ವಯಸ್ಕ ಕಲಿಕಾರ್ಥಿಯು ತಲುಪಬೇಕಾದ ಮಟ್ಟವನ್ನು ಅಂಕಿಗಳಲ್ಲಿ ನಿಗದಿಪಡಿಸಲಾಯಿತು. ನಿಮಿಷಕ್ಕೆ 30 ಪದಗಳ ವೇಗದಲ್ಲಿ ಗಟ್ಟಿಯಾಗಿ ಓದುವುದು, 7 ಪದಗಳ ವೇಗದಲ್ಲಿ ಅರ್ಥ ತಿಳಿದು ನಕಲು ಮಾಡುವುದು, 5 ಪದಗಳ ವೇಗದಲ್ಲಿ ಉಕ್ತಲೇಖನ ಬರೆಯುವುದು ಆ ಮಾನದಂಡಗಳಲ್ಲಿ ಸೇರಿದ್ದವು. ಚಿಕ್ಕ ಪತ್ರ ಮತ್ತು ಅರ್ಜಿಗಳನ್ನು ಸ್ವತಂತ್ರವಾಗಿ ಬರೆಯುವುದೂ ಅದೇ ಪಟ್ಟಿಯಲ್ಲಿತ್ತು. ಆದರೆ ನಕಲು ಮತ್ತು ಉಕ್ತಲೇಖನಗಳಿಗಿದ್ದಂತಹ ಅಳತೆ ಅದಕ್ಕೆ ಇರಲಿಲ್ಲ. ಅಳೆಯಲು ಸುಲಭವಾದದ್ದು ಕಲಿಸಲು ಮುಖ್ಯವಾದದ್ದಾಗಿ ಪರಿಣಮಿಸುವುದು ಶಿಕ್ಷಣದಲ್ಲಿ ಹೊಸದೇನಲ್ಲ. ಬೇರೆಯವರ ವಾಕ್ಯವನ್ನು ಬರೆಯುವುದು ಅಭ್ಯಾಸವಾಯಿತು. ತನ್ನ ವಾಕ್ಯವನ್ನು ತಾನೇ ಬರೆಯುವುದು ಪಟ್ಟಿಯ ಕೊನೆಗೆ ಸರಿಯಿತು.

ಈ ಕೊರತೆಯನ್ನು ತುಂಬುವ ಕೆಲಸವನ್ನು ಬರವಣಿಗೆ ಕಮ್ಮಟಗಳು ಮಾಡುತ್ತವೆ. ಹತ್ತು ಹದಿನೈದು ಮಂದಿ ವಯಸ್ಕರು ಗ್ರಂಥಾಲಯದಲ್ಲೋ ಅಂಗನವಾಡಿಯಲ್ಲೋ ಸಂಘದ ಕೋಣೆಯಲ್ಲೋ ಕಲೆತು, ತಮ್ಮ ಬದುಕಿಗೆ ಸಂಬಂಧಿಸಿದ ವಿಷಯವನ್ನು ಬರೆದು, ಪರಸ್ಪರ ಓದಿ ಹೇಳುವುದು ಇವುಗಳ ಸಾಮಾನ್ಯ ಕ್ರಮ. ಮಾರ್ಗದರ್ಶಕರು ಬಹುಮಟ್ಟಿಗೆ ಸ್ವಯಂಸೇವಕರು. ಶಾಲೆಯಲ್ಲಿ ಕಲಿತ ಶಿಷ್ಟ ಕನ್ನಡವೇ ಅವರ ಮುಂದಿರುವ ಏಕೈಕ ಮಾದರಿ. ಕಲಿಕಾರ್ಥಿಯೊಬ್ಬಳು ಮೊದಲ ಬಾರಿಗೆ ತಾನಾಗಿ ಬರೆದ ಮೂರು ಸಾಲನ್ನು ಅವರ ಮುಂದಿಟ್ಟಾಗ, ಆ ಸಾಲುಗಳ ಮೇಲೆ ಏನು ಗುರುತು ಮಾಡಬೇಕೆಂಬುದನ್ನು ಅವರು ಒಂದೆರಡು ನಿಮಿಷಗಳಲ್ಲಿ ತೀರ್ಮಾನಿಸಬೇಕು. ಹೆಬ್ಬೆಟ್ಟು ಎಂದು ಹಲವು ವರ್ಷ ಕರೆಸಿಕೊಂಡವರು ಮತ್ತೆ ಪೆನ್ನು ಹಿಡಿಯುವರೋ ಇಲ್ಲವೋ ಎಂಬುದು ಆ ತೀರ್ಮಾನವನ್ನು ಅವಲಂಬಿಸಿರಬಹುದು. ಆ ತೀರ್ಮಾನಕ್ಕೆ ಭಾಷಾವಿಜ್ಞಾನ ಯಾವ ನೆರವು ನೀಡಬಲ್ಲದು ಎಂಬುದೇ ಇಲ್ಲಿನ ಪ್ರಶ್ನೆ.

2. ಹಿನ್ನೆಲೆ

ಕನ್ನಡ ನಾಡಿನಲ್ಲಿ ವಯಸ್ಕರ ಶಿಕ್ಷಣಕ್ಕೆ ದೀರ್ಘ ಚರಿತ್ರೆಯಿದೆ. 1940ರ ದಶಕದಲ್ಲಿ ಮೈಸೂರಿನಲ್ಲಿ ರೂಪುಗೊಂಡ ವಯಸ್ಕರ ಶಿಕ್ಷಣ ಸಮಿತಿಯು ಅಕ್ಷರ ಕಲಿಸುವುದರ ಜೊತೆಗೆ ಹೊಸದಾಗಿ ಓದಲು ಕಲಿತವರಿಗಾಗಿ ಪುಸ್ತಕಗಳನ್ನೂ ‘ಬೆಳಕು’ ಎಂಬ ಪತ್ರಿಕೆಯನ್ನೂ ಪ್ರಕಟಿಸಿತು. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರಲ್ಲಿ ಸಾಕ್ಷರತಾ ಮಿಷನ್, 2009ರಲ್ಲಿ ಸಾಕ್ಷರ ಭಾರತ, 2022ರಿಂದ ನವಭಾರತ ಸಾಕ್ಷರತಾ ಕಾರ್ಯಕ್ರಮ ಒಂದರ ಹಿಂದೊಂದು ಬಂದವು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 75.36, ಪುರುಷರಲ್ಲಿ ಶೇ. 82.47, ಮಹಿಳೆಯರಲ್ಲಿ ಶೇ. 68.08. ಏಳು ವರ್ಷ ಮೇಲ್ಪಟ್ಟವರು ಯಾವುದಾದರೊಂದು ಭಾಷೆಯಲ್ಲಿ ಅರ್ಥ ತಿಳಿದು ಓದಬರೆಯಬಲ್ಲರೆ ಎಂಬುದಷ್ಟೇ ಜನಗಣತಿಯ ಪ್ರಶ್ನೆ. ಏನನ್ನು, ಯಾರಿಗಾಗಿ, ಯಾವ ಕನ್ನಡದಲ್ಲಿ ಬರೆಯಬಲ್ಲರು ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ.

ಸೈದ್ಧಾಂತಿಕವಾಗಿ ಎರಡು ಚಿಂತನೆಗಳು ಇಲ್ಲಿ ಪ್ರಸ್ತುತ. ಸಾಕ್ಷರತೆಯು ಸಾಮಾಜಿಕ ಸಂದರ್ಭದಿಂದ ಬೇರ್ಪಟ್ಟ ತಾಂತ್ರಿಕ ಕೌಶಲವೆಂಬ ನಿಲುವನ್ನು ಬ್ರಿಯಾನ್ ಸ್ಟ್ರೀಟ್ (1984) ಪ್ರಶ್ನಿಸಿದರು; ಓದುಬರಹಗಳು ಅಧಿಕಾರ ಸಂಬಂಧಗಳೊಳಗೆ ಹುದುಗಿರುವ ರೂಢಿಗಳೆಂದು ಅವರು ತೋರಿಸಿದರು. ಮೀನಾ ಶಾನೆಸಿ (1977) ನ್ಯೂಯಾರ್ಕ್‌ನಲ್ಲಿ ಮುಕ್ತ ಪ್ರವೇಶ ನೀತಿಯಡಿ ಕಾಲೇಜಿಗೆ ಬಂದ ವಿದ್ಯಾರ್ಥಿಗಳ ಬರಹಗಳನ್ನು ಪರಿಶೀಲಿಸಿ, ಅವರ ತಪ್ಪುಗಳು ಅಡ್ಡಾದಿಡ್ಡಿಯಾದವಲ್ಲ, ಅವುಗಳ ಹಿಂದೆ ತರ್ಕವಿದೆ ಎಂದು ವಾದಿಸಿದರು. ಕನ್ನಡದ ಸಂದರ್ಭದಲ್ಲಿ ಆ ತರ್ಕ ಯಾವುದು ಎಂಬುದನ್ನು ಹುಡುಕಬೇಕಾದರೆ ಮೊದಲು ಲಿಪಿಯನ್ನು ನೋಡಬೇಕು.

3. ವಯಸ್ಕ ಕಲಿಕಾರ್ಥಿ ಮತ್ತು ಕನ್ನಡ ಲಿಪಿ

ವರ್ಣಮಾಲೆಯಲ್ಲಿ 49 ಅಕ್ಷರಗಳೆಂದು ಹೇಳುವುದು ರೂಢಿ. ಆದರೆ ಬರೆಯುವವರು ಎದುರಿಸುವ ಘಟಕಗಳ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು. 34 ವ್ಯಂಜನಗಳಿಗೆ 15ರಂತೆ ಕಾಗುಣಿತ ಬರೆದರೆ 510 ರೂಪಗಳಾಗುತ್ತವೆ. ಒತ್ತಕ್ಷರಗಳು ಅದರ ಮೇಲೆ. ಕನ್ನಡ ಓದಲು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ (2007), ಅಕ್ಷರಜ್ಞಾನದ ಗಳಿಕೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ ಮತ್ತು ಧ್ವನಿಮಾ ಮಟ್ಟದ ಅರಿವು ನಿಧಾನವಾಗಿ ಮೂಡುತ್ತದೆ ಎಂದು ತೋರಿಸಿದ್ದಾರೆ. ಶಾಲೆಗೆ ಹೋಗುವ ಮಗುವಿಗೆ ವರ್ಷಗಟ್ಟಲೆ ಹಿಡಿಯುವ ಕೆಲಸವನ್ನು ವಯಸ್ಕರು ಸಂಜೆಯ ತರಗತಿಗಳಲ್ಲಿ ಕೆಲವೇ ತಿಂಗಳಿನಲ್ಲಿ ಮುಗಿಸಬೇಕೆಂದು ನಿರೀಕ್ಷಿಸುತ್ತೇವೆ.

ಧ್ವನಿಮಾದ ಅರಿವು ವಯಸ್ಸಿನೊಂದಿಗೆ ತಾನಾಗಿ ಬರುವಂಥದ್ದಲ್ಲ. ಪೋರ್ಚುಗಲ್‌ನ ಅನಕ್ಷರಸ್ಥ ವಯಸ್ಕರು ಪದದ ಮೊದಲ ಧ್ವನಿಯನ್ನು ತೆಗೆದುಹಾಕುವ ಅಥವಾ ಸೇರಿಸುವ ಕೆಲಸದಲ್ಲಿ ಸೋತರು, ದೊಡ್ಡವರಾದ ಮೇಲೆ ಓದಲು ಕಲಿತವರು ಗೆದ್ದರು ಎಂದು ಮೊರಾಯಿಸ್ ಮತ್ತು ಸಂಗಡಿಗರು (1979) ದಾಖಲಿಸಿದ್ದಾರೆ. ಮಾತನ್ನು ಉಚ್ಚಾರಾಂಶಗಳಾಗಿ ಒಡೆಯುವುದಾದರೋ ಇದಕ್ಕಿಂತ ಸುಲಭ. ಪಾಲೊ ಫ್ರೇರೆ 1963ರಲ್ಲಿ ಬ್ರೆಜಿಲ್‌ನ ಆಂಜಿಕೋಸ್‌ನಲ್ಲಿ ವಯಸ್ಕರಿಗೆ ಕಲಿಸಿದಾಗ ‘ತಿಜೋಲೊ’ (ಇಟ್ಟಿಗೆ) ಎಂಬಂತಹ ಪದಗಳನ್ನು ಉಚ್ಚಾರಾಂಶಗಳಾಗಿ ಬಿಡಿಸಿ, ‘ತ-ತೆ-ತಿ-ತೊ-ತು’ ಎಂಬ ಕುಟುಂಬಗಳಾಗಿ ಜೋಡಿಸುವ ಕ್ರಮವನ್ನು ಅನುಸರಿಸಿದರು. ಕನ್ನಡಿಗರಿಗೆ ಇದು ಕಾಗುಣಿತದ ನೆನಪು ತರುತ್ತದೆ. ರೋಮನ್ ಲಿಪಿಯವರು ಕಟ್ಟಿಕೊಳ್ಳಬೇಕಾದ ಉಚ್ಚಾರಾಂಶದ ಏಣಿ ನಮ್ಮ ಲಿಪಿಯಲ್ಲೇ ಅಡಕವಾಗಿದೆ. ತಲೆಕಟ್ಟು, ಇಳಿ, ಗುಡಿಸು, ಕೊಂಬು, ಎತ್ವ ಎಂದು ಅದರ ಮೆಟ್ಟಿಲುಗಳಿಗೆ ಬಾಯಲ್ಲಿ ಹೇಳಿಕೊಳ್ಳುವ ಹೆಸರುಗಳೂ ಇವೆ. ವಯಸ್ಕರ ತರಗತಿಯಲ್ಲಿ ಈ ಹೆಸರುಗಳು ಬಹಳ ಉಪಯುಕ್ತ. ಕೈ ತಪ್ಪಿದ್ದು ಎಲ್ಲಿ ಎಂಬುದನ್ನು ಕಲಿಕಾರ್ಥಿಯೇ ಹೆಸರಿಸಬಲ್ಲಳಾಗುತ್ತಾಳೆ.

4. ಮೂರು ಬಗೆಯ ವ್ಯತ್ಯಾಸಗಳು

ಈ ಎರಡು ಬರಹಗಳನ್ನು ಹೋಲಿಸೋಣ. ಮೊದಲನೆಯದು ಹಳೆಯ ಮೈಸೂರು ಪ್ರಾಂತ್ಯದ ಗ್ರಾಮೀಣ ಮಾತಿನ ಹಿನ್ನೆಲೆಯುಳ್ಳದ್ದು:

(ಅ) ನಾನು ದಿನಾ ಒಲಕ್ಕೆ ಓಗ್ತೀನಿ. ಯೆಮ್ಮೆ ಆಲು ಡೈರಿಗೆ ಆಕ್ತೀನಿ. ನಮ್ಮ ಊರಿಗೆ ನೀರು ಬತ್ತಾ ಇಲ್ಲ.

(ಆ) ನಾನು ದಿನ ಹಲಕೆ ಹೊಗುತೆನೆ.

ಶಿಷ್ಟ ಬರಹದ ಕಣ್ಣಿಗೆ (ಆ) ಹೆಚ್ಚು ಸಭ್ಯವಾಗಿ ಕಾಣುತ್ತದೆ. ಅದರಲ್ಲಿ ಹಕಾರವಿದೆ, ಕ್ರಿಯಾಪದದಲ್ಲಿ ‘-ಉತ್ತೇನೆ’ಯ ಅಸ್ಥಿಪಂಜರವಿದೆ. (ಅ) ಹಳ್ಳಿಯ ಮಾತಿನಂತೆ ಕಾಣುತ್ತದೆ. ಕೆಂಪು ಶಾಯಿಗೆ ಸಾಲು ಸಾಲಾಗಿ ಅವಕಾಶ ಕೊಡುತ್ತದೆ. ಅಂಕ ಕೊಡಬೇಕೆಂದರೆ ಅನೇಕರು (ಆ)ಗೆ ಹೆಚ್ಚು ಕೊಟ್ಟಾರು. ವಿಶ್ಲೇಷಣೆ ಇದಕ್ಕೆ ವಿರುದ್ಧವಾದ ಫಲಿತಾಂಶವನ್ನು ನೀಡುತ್ತದೆ.

4.1 ಲಿಪಿರಚನೆಯ ವ್ಯತ್ಯಾಸಗಳು

(ಆ)ದಲ್ಲಿ ‘ಹೊ’ದ ಸ್ವರಚಿಹ್ನೆ ಬಿಟ್ಟುಹೋಗಿ ‘ಹ’ ಆಗಿದೆ, ‘ಕ್ಕೆ’ಯ ಒತ್ತು ಬಿದ್ದುಹೋಗಿದೆ, ‘ಹೋ’ದ ದೀರ್ಘವಿಲ್ಲ, ‘ತ್ತೇ’ಯಲ್ಲಿ ಒತ್ತೂ ಇಲ್ಲ, ದೀರ್ಘವೂ ಇಲ್ಲ. ನಾಲ್ಕು ಪದಗಳ ವಾಕ್ಯದಲ್ಲಿ ಐದು ಲೋಪಗಳು. ಈ ಲೋಪಗಳಿಗೂ ಕಲಿಕಾರ್ಥಿಯ ಮಾತಿಗೂ ಸಂಬಂಧವಿಲ್ಲ. ಹ್ರಸ್ವದೀರ್ಘಗಳ, ಒತ್ತು ಇರುವ ಇಲ್ಲದಿರುವುದರ ವ್ಯತ್ಯಾಸವನ್ನು ಯಾವ ಉಪಭಾಷೆಯ ಕನ್ನಡಿಗರೂ ಮಾತಿನಲ್ಲಿ ಪಾಲಿಸುತ್ತಾರೆ. ಕಿವಿಗೆ ಗೊತ್ತಿರುವುದು ಕೈಗೆ ಇನ್ನೂ ಬಂದಿಲ್ಲ, ಅಷ್ಟೆ.

(ಅ)ದಲ್ಲಿ ಇಂತಹ ಲೋಪ ಒಂದೂ ಇಲ್ಲ. ಕ್ಕೆ, ಗ್ತೀ, ಮ್ಮೆ, ಕ್ತೀ, ಮ್ಮ, ತ್ತಾ, ಲ್ಲ ಎಂಬ ಏಳು ಒತ್ತಕ್ಷರಗಳೂ ಸರಿಯಾಗಿವೆ. ಇವುಗಳಲ್ಲಿ ‘ಗ್ತೀ’ ವಿಶೇಷ ಗಮನಕ್ಕೆ ಅರ್ಹ. ಶಿಷ್ಟ ಬರಹದಲ್ಲಿ ಗಕಾರಕ್ಕೆ ತಕಾರದ ಒತ್ತು ಇಲ್ಲವೆನ್ನುವಷ್ಟು ವಿರಳ; ಪಾಠಪುಸ್ತಕದಿಂದ ನಕಲು ಮಾಡಿ ಇದನ್ನು ಕಲಿತಿರುವುದು ಸಂಭವನೀಯವಲ್ಲ. ಒತ್ತಕ್ಷರ ರಚನೆಯ ನಿಯಮವನ್ನು ಅರಿತು, ಕಂಡಿರದ ಸಂಯೋಗವೊಂದಕ್ಕೆ ಅದನ್ನು ಅನ್ವಯಿಸಿದವರು ಮಾತ್ರ ಹೀಗೆ ಬರೆಯಬಲ್ಲರು. ಲಿಪಿಯನ್ನು ಉತ್ಪಾದಕವಾಗಿ ಬಳಸುವ ಸಾಮರ್ಥ್ಯಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಉಕ್ತಲೇಖನದಲ್ಲಿ ಸಿಗಲಾರದು.

ಲಿಪಿಯ ಒಳಗಿನ ಅನಿಯಮಿತತೆಯಿಂದಲೂ ಕೆಲವು ತೊಡಕುಗಳು ಹುಟ್ಟುತ್ತವೆ. ಒತ್ತಕ್ಷರದಲ್ಲಿ ಮೊದಲು ಉಚ್ಚರಿಸುವ ವ್ಯಂಜನ ಮೇಲೆ, ಅನಂತರದ್ದು ಕೆಳಗೆ ಎಂಬುದು ಸಾಮಾನ್ಯ ನಿಯಮ. ‘ಸೂರ್ಯ’, ‘ಧರ್ಮ’ಗಳ ಅರ್ಕಾವೊತ್ತು ಇದನ್ನು ಮುರಿಯುತ್ತದೆ: ಮೊದಲು ಕೇಳುವ ರೇಫವನ್ನು ಕೊನೆಗೆ ಬರೆಯಬೇಕು. ಕಲಿಕಾರ್ಥಿ ‘ಸೂರ‍್ಯ’ ಎಂದು ರಕಾರವನ್ನು ಮೊದಲು ಬರೆದರೆ, ಆಕೆ ನಿಯಮವನ್ನು ಸಾರ್ವತ್ರಿಕಗೊಳಿಸಿದ್ದಾಳೆ. ಈ ರೂಪ ಕೆಲವು ಮುದ್ರಿತ ಪುಸ್ತಕಗಳಲ್ಲೂ ಕಾಣಸಿಗುತ್ತದೆ. ಇದನ್ನು ಲೋಪವೆಂದು ಎಣಿಸದೆ ಎರಡೂ ಬಗೆಯನ್ನು ತೋರಿಸಿ ಮುಂದುವರಿಯಬಹುದು. ಉಳಿದ ಲಿಪಿಲೋಪಗಳನ್ನು ಮಾತ್ರ ತಡಮಾಡದೆ, ಕ್ರಮಬದ್ಧವಾಗಿ ತಿದ್ದಬೇಕು. ಅವು ಉಳಿದರೆ ಬರಹ ಓದುವವರಿಗೆ ದಕ್ಕುವುದಿಲ್ಲ. ಇಲ್ಲಿ ಮೃದುತ್ವ ತೋರಿಸುವುದು ಕಲಿಕಾರ್ಥಿಗೆ ಮಾಡುವ ಉಪಕಾರವಲ್ಲ.

4.2 ಧ್ವನಿವ್ಯವಸ್ಥೆಯ ವ್ಯತ್ಯಾಸಗಳು

(ಅ)ದಲ್ಲಿ ಒಲ, ಓಗು, ಆಲು, ಆಕು ಎಂಬ ನಾಲ್ಕೂ ಕಡೆ ಪದಾದಿಯ ಹಕಾರ ಲೋಪವಾಗಿದೆ. ನಾಲ್ಕರಲ್ಲಿ ನಾಲ್ಕು ಎಂಬ ಈ ಏಕರೂಪತೆಯೇ ಇದು ಕೈತಪ್ಪಲ್ಲವೆಂಬುದಕ್ಕೆ ಸಾಕ್ಷಿ. ಬರೆದವಳ ಮಾತಿನಲ್ಲಿ ಪದಾದಿಯ ಹಕಾರವಿಲ್ಲ. ತನ್ನ ಮಾತನ್ನು ಆಕೆ ನಿಷ್ಠೆಯಿಂದ ಬರೆದಿದ್ದಾಳೆ. ‘ಯೆಮ್ಮೆ’ಯೂ ಅಷ್ಟೆ. ಪದಾದಿಯ ಎಕಾರದ ಹಿಂದೆ ಯಕಾರದ, ಒಕಾರದ ಹಿಂದೆ ವಕಾರದ ಛಾಯೆ ಬಹುಪಾಲು ಕನ್ನಡಿಗರ ಉಚ್ಚಾರದಲ್ಲಿದೆ. ‘ಎಲೆ’ ಎಂದು ಬರೆದು ‘ಯೆಲೆ’ ಎನ್ನುವ ನಾವು ಅದನ್ನು ಕೇಳಿಸಿಕೊಳ್ಳುವುದನ್ನು ಬಿಟ್ಟಿದ್ದೇವೆ. ಹೊಸದಾಗಿ ಬರೆಯುವವರಿಗೆ ಅದಿನ್ನೂ ಕೇಳಿಸುತ್ತಿದೆ. ‘ಬತ್ತಾ’ ಎಂಬಲ್ಲಿ ರೇಫವು ಮುಂದಿನ ತಕಾರದೊಂದಿಗೆ ಸಮರೂಪವಾಗಿದೆ.

ಹಕಾರ ಲೋಪದ ಚಾರಿತ್ರಿಕ ಹಿನ್ನೆಲೆ ಇಲ್ಲಿ ಪ್ರಸ್ತುತ. ಹಳಗನ್ನಡದ ಪಾಲ್, ಪೋಗು, ಪೊಲ ಎಂಬ ಪಕಾರಾದಿ ಪದಗಳು ನಡುಗನ್ನಡದ ವೇಳೆಗೆ ಹಾಲು, ಹೋಗು, ಹೊಲ ಎಂದಾದವು. ಹಕಾರವೂ ಬಿದ್ದು ಆಲು, ಓಗು, ಒಲ ಎಂದಾಗಿರುವುದು ಅದೇ ಬದಲಾವಣೆಯ ಮುಂದಿನ ಹಂತ. ಮೊದಲ ಹಂತವನ್ನು ಭಾಷೆಯ ಬೆಳವಣಿಗೆಯೆಂದು ವ್ಯಾಕರಣದ ಪುಸ್ತಕದಲ್ಲಿ ಓದುತ್ತೇವೆ, ಎರಡನೆಯದನ್ನು ಅಶುದ್ಧವೆಂದು ಹೊಡೆದುಹಾಕುತ್ತೇವೆ. ಎರಡಕ್ಕೂ ಇರುವ ಅಂತರ ಅವುಗಳನ್ನು ಆಡಿದವರ ಸಾಮಾಜಿಕ ಸ್ಥಾನದ್ದು; ಭಾಷೆಯ ರಚನೆಯಲ್ಲಿ ಅದಕ್ಕೆ ಆಧಾರವಿಲ್ಲ.

ಆದರೂ ಬರಹದಲ್ಲಿ ಹಕಾರ ಬೇಕು. ಅಕ್ಕಿ–ಹಕ್ಕಿ, ಆಡು–ಹಾಡು, ಆರು–ಹಾರು ಎಂಬ ಜೋಡಿಗಳು ಆಕೆಯ ಮಾತಿನಲ್ಲಿ ಸಂದರ್ಭದಿಂದ ಬೇರೆಯಾಗುತ್ತವೆ. ಕಾಗದದ ಮೇಲೆ ಆ ಸಂದರ್ಭ ಸದಾ ಸಿಗದು. ಇದನ್ನು ಕಲಿಸುವ ಬಗೆ ಯಾವುದು? ‘ಸರಿಯಾಗಿ ಉಚ್ಚರಿಸು, ಸರಿಯಾಗಿ ಬರೆಯುತ್ತೀಯೆ’ ಎಂಬ ಉಪದೇಶ ಹಕಾರವಿಲ್ಲದ ನಾಲಿಗೆಗೆ ಅರ್ಥಹೀನ. ಪದೇ ಪದೇ ತಿದ್ದಿದಾಗ ಹುಟ್ಟುವುದು ಅತಿತಿದ್ದುಪಡಿ: ‘ಆಸೆ’ಯು ‘ಹಾಸೆ’ಯಾಗುತ್ತದೆ, ‘ಮಗಳು ಅಂಗಳದಲ್ಲಿ ಆಡುತ್ತಾಳೆ’ ಎಂಬುದು ‘ಹಾಡುತ್ತಾಳೆ’ ಆಗುತ್ತದೆ. ಎಲ್ಲಿ ಬೇಕೆಂದು ತಿಳಿಯದಾದಾಗ ಎಲ್ಲ ಕಡೆ ಹಾಕುವುದು ಸುರಕ್ಷಿತವೆನಿಸುತ್ತದೆ.

ಪರಿಹಾರಕ್ಕೆ ನಮ್ಮದೇ ಅನುಭವದಲ್ಲಿ ಮಾದರಿಯಿದೆ. ಶ, ಷಗಳನ್ನು ಮಾತಿನಲ್ಲಿ ಬೇರ್ಪಡಿಸದ ಸುಶಿಕ್ಷಿತರು ‘ವಿಷ’ಕ್ಕೆ ಯಾವುದು, ‘ವಿಶೇಷ’ಕ್ಕೆ ಯಾವುದು ಎಂಬುದನ್ನು ಪದಪದವಾಗಿ ನೆನಪಿಟ್ಟುಕೊಂಡಿದ್ದಾರೆ. ‘ದನ’, ‘ಧನ’ಗಳ ವಿಷಯವೂ ಹಾಗೆಯೇ. ಮಹಾಪ್ರಾಣಗಳು ಬಹುಜನರ ಮಾತಿನಲ್ಲಿಲ್ಲ ಎಂಬ ಕಾರಣಕ್ಕೆ ಅವುಗಳನ್ನು ಬರಹದಿಂದಲೇ ಕೈಬಿಡಬಹುದೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದ್ದರು. ಆ ವಾದವನ್ನು ಒಪ್ಪಲಿ ಬಿಡಲಿ, ಅದರ ಹಿಂದಿನ ಅವಲೋಕನ ಬೋಧಕರಿಗೆ ಉಪಯುಕ್ತ: ಮಾತಿನಿಂದ ಊಹಿಸಲಾಗದ ಅಕ್ಷರಗಳು ನೆನಪಿನ ಬಾಬತ್ತು, ನಾಲಿಗೆಯ ದೋಷವಲ್ಲ. ಹಕಾರವನ್ನೂ ಹೀಗೆಯೇ ಪದಪಟ್ಟಿಗಳ ಮೂಲಕ, ಹೊಲ, ಹಾಲು, ಹಣ, ಹಸು, ಹಬ್ಬ ಎಂಬ ನಿತ್ಯಬಳಕೆಯ ಪದಗಳಿಂದ ಆರಂಭಿಸಿ ಕಲಿಸಬಹುದು.

4.3 ರೂಪ ಮತ್ತು ಶೈಲಿಯ ವ್ಯತ್ಯಾಸಗಳು

‘ಓಗ್ತೀನಿ’ಯಲ್ಲಿ ಹಕಾರದ ಪ್ರಶ್ನೆಯನ್ನು ಬದಿಗಿಟ್ಟರೆ ಉಳಿಯುವುದು ‘-ತೀನಿ’ ಎಂಬ ಪ್ರತ್ಯಯ. ಇದು ‘-ಉತ್ತೇನೆ’ಯ ಕೆಟ್ಟ ರೂಪವಲ್ಲ, ಬೆಂಗಳೂರು, ಮೈಸೂರಿನ ವಿದ್ಯಾವಂತರೂ ಆಡುವ ರೂಪ. ಶಿಷ್ಟ ಬರಹದ ‘ಇದೆ’ಗೆ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಐತೆ’, ಧಾರವಾಡದ ಕಡೆ ‘ಐತಿ’, ಕಲಬುರಗಿಯ ಕಡೆ ‘ಅದ’ ಎನ್ನುತ್ತಾರೆ. ಧಾರವಾಡದವರ ‘ಮನಿ’, ‘ಮನ್ಯಾಗ’ ಎಂಬವು ‘ಮನೆ’, ‘ಮನೆಯಲ್ಲಿ’ ಎಂಬವುಗಳಷ್ಟೇ ನಿಯಮಬದ್ಧ. ‘ಹೋಗುತ್ತೇನೆ’ ಎಂಬುದನ್ನು ಮನೆಯಲ್ಲಿ ಸಹಜವಾಗಿ ಆಡುವವರು ವಿರಳ. ಶಿಷ್ಟ ಬರಹದ ರೂಪಗಳನ್ನು ಎಲ್ಲರೂ ಕಲಿತೇ ಪಡೆಯಬೇಕು. ಯಾರ ಮಾತು ಅದಕ್ಕೆ ಎಷ್ಟು ಹತ್ತಿರ ಎಂಬುದರಲ್ಲಿ ಮಾತ್ರ ಭೇದ.

ದೇವನೂರ ಮಹಾದೇವರ ‘ಕುಸುಮಬಾಲೆ’ ತನ್ನ ಸೀಮೆಯ ಆಡುಮಾತಿನಲ್ಲೇ ಬರೆದ ಕೃತಿ; ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕದಲ್ಲಿ ಮೆಚ್ಚಿದ ಮಾತನ್ನು ಕಲಿಕಾರ್ಥಿಯ ನೋಟ್‌ಬುಕ್ಕಿನಲ್ಲಿ ಹೊಡೆದುಹಾಕುವುದು ಅಸಂಗತವೆಂದು ಹೇಳಿದರೆ ಒಂದು ಉತ್ತರ ಸಿದ್ಧವಾಗಿರುತ್ತದೆ: ಲೇಖಕರಿಗೆ ಎರಡೂ ಕನ್ನಡ ಗೊತ್ತು, ಕಲಿಕಾರ್ಥಿಗೆ ಒಂದೇ ಗೊತ್ತು. ಈ ಉತ್ತರ ಸರಿಯಾಗಿದೆ. ಅದರಿಂದಲೇ ಕಮ್ಮಟದ ಗುರಿಯೂ ಸ್ಪಷ್ಟವಾಗುತ್ತದೆ. ಎರಡನೆಯದನ್ನು ಕೊಡಲು ಮೊದಲನೆಯದನ್ನು ಕಿತ್ತುಕೊಳ್ಳಬೇಕಾಗಿಲ್ಲ. ಆಯ್ಕೆ ಮಾಡುವ ಸ್ಥಿತಿಗೆ ಆಕೆಯನ್ನು ತರಬೇಕು. ಆದ್ದರಿಂದ ಈ ಬಗೆಯ ರೂಪಗಳನ್ನು ತಪ್ಪೆಂದು ಗುರುತಿಸದೆ, ‘ಮಾತಿನಲ್ಲಿ ಹೀಗೆ, ಅರ್ಜಿಯಲ್ಲಿ ಹೀಗೆ’ ಎಂದು ಎರಡು ಕಾಲಂಗಳಲ್ಲಿ ಬರೆಸುವುದು ಸೂಕ್ತ.

5. ಹೇಳಿದ್ದನ್ನು ಬರೆದುಕೊಳ್ಳುವ ಕ್ರಮ

ಇನ್ನೂ ಸ್ವತಃ ಬರೆಯಲಾರದವರು ಹೇಳುತ್ತಾರೆ, ಮಾರ್ಗದರ್ಶಕರು ಬರೆದುಕೊಳ್ಳುತ್ತಾರೆ, ಅದೇ ಪಠ್ಯವನ್ನು ಅವರು ಓದಲು ಕಲಿಯುತ್ತಾರೆ ಎಂಬ ಕ್ರಮ ಅನೇಕ ಕಡೆ ಬಳಕೆಯಲ್ಲಿದೆ. ತನ್ನ ಮಾತನ್ನೇ ಓದುವುದರಿಂದ ಮುಂದಿನ ಪದವನ್ನು ಊಹಿಸುವುದು ಸುಲಭ ಎಂಬುದು ಇದರ ಹಿಂದಿನ ತತ್ತ್ವ. ಬರೆದುಕೊಳ್ಳುವವರು ಅರಿವಿಲ್ಲದೆ ಅನುವಾದಕರಾಗುವುದರಲ್ಲಿ ಇದರ ಅಪಾಯವಿದೆ. ಕಲಿಕಾರ್ಥಿ ‘ನಮ್ಮ ಮನ್ಯಾಗ ಎರಡು ಆಕಳ ಅದಾವ’ ಎಂದರೆ ಹಾಳೆಯ ಮೇಲೆ ‘ನಮ್ಮ ಮನೆಯಲ್ಲಿ ಎರಡು ಹಸುಗಳಿವೆ’ ಎಂದು ಮೂಡುತ್ತದೆ. ಮರಳಿ ಓದುವಾಗ ಆಕೆ ನೆನಪಿನಿಂದ ‘ಮನ್ಯಾಗ’ ಎಂದೇ ಹೇಳುತ್ತಾಳೆ, ಬೆರಳು ‘ಮನೆಯಲ್ಲಿ’ ಎಂಬುದರ ಮೇಲಿರುತ್ತದೆ. ಅಕ್ಷರಕ್ಕೂ ಧ್ವನಿಗೂ ಇರುವ ನಂಟು ಗಟ್ಟಿಯಾಗಬೇಕಾದ ಹಂತದಲ್ಲೇ ಅದು ಸಡಿಲವಾಗುತ್ತದೆ. ಆದ್ದರಿಂದ ಮೊದಲ ಕರಡು ಆಡಿದ ರೂಪದಲ್ಲೇ ಇರಬೇಕು. ಶಿಷ್ಟ ರೂಪದ ಎರಡನೆಯ ಕರಡನ್ನು, ಬೇಕೆನಿಸಿದರೆ, ಕಲಿಕಾರ್ಥಿಯೊಂದಿಗೆ ಕುಳಿತು ಸಿದ್ಧಪಡಿಸಬೇಕು.

ಮನೆಯ ಭಾಷೆ ತುಳು, ಕೊಂಕಣಿ, ಲಂಬಾಣಿ, ಉರ್ದು ಅಥವಾ ತೆಲುಗು ಆಗಿರುವವರ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವ ರೂಢಿ ಇರುವುದರಿಂದ, ತುಳುವಿನಲ್ಲೇ ಮೊದಲ ಬರಹ ಬರೆಯಲು ಲಿಪಿಯ ಅಡ್ಡಿಯಿಲ್ಲ.

6. ಬರಹದ ಪ್ರಕಾರ ಮತ್ತು ಓದುಗ

ಯಾವ ರೂಪ ಬೇಕೆಂಬುದನ್ನು ನಿರ್ಧರಿಸುವುದು ಓದುಗ. ಅರ್ಜಿಯ ‘ಇವರಿಂದ, ಇವರಿಗೆ, ವಿಷಯ, ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಚೌಕಟ್ಟು ಯಾರ ಮಾತೂ ಅಲ್ಲ. ಆದರೆ ಕುಡಿಯುವ ನೀರಿಗಾಗಿ ಪಂಚಾಯಿತಿಗೆ ಬರೆಯುವಾಗ ಆ ಚೌಕಟ್ಟು ಇಲ್ಲದಿದ್ದರೆ ಅರ್ಜಿಯ ಬದಲು ಬರೆದವಳ ಓದಿನ ಮಟ್ಟವೇ ಪರಿಶೀಲನೆಗೆ ಒಳಗಾಗುತ್ತದೆ. (ಅ)ದ ಕೊನೆಯ ವಾಕ್ಯ ಅರ್ಜಿಯಾಗಬೇಕಾದರೆ ‘ನೀರು ಬರುತ್ತಿಲ್ಲ’ ಎಂದೇ ಆಗಬೇಕು. ಸ್ವಸಹಾಯ ಸಂಘದ ನಡಾವಳಿ ಪುಸ್ತಕದ ಅಗತ್ಯ ಬೇರೆ. 2000–01ರಲ್ಲಿ ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದಂದಿನಿಂದ ಮಹಿಳೆಯರು ನಿಯಮಿತವಾಗಿ ಎದುರಿಸುವ ಬರಹ ಇದು. ಒಬ್ಬರು ಬರೆದು ಉಳಿದವರು ಸಹಿ ಮಾಡುವಲ್ಲಿ, ಸಾಲದ ಮೊತ್ತ ಎಷ್ಟು, ಯಾರ ಹೆಸರಿಗೆ ಎಂಬುದನ್ನು ಓದಿ ನೋಡಲಾರದವಳ ಸಹಿಯೂ ಕಾನೂನಿನ ಮುಂದೆ ಸಹಿಯೇ. ಇಲ್ಲಿ ಬೇಕಾದದ್ದು ನಿಖರವಾದ ಅಂಕಿ ಮತ್ತು ಹೆಸರು. ಪ್ರತ್ಯಯ ಯಾವ ಸೀಮೆಯದಾದರೂ ನಷ್ಟವಿಲ್ಲ. ಅನುಭವಕಥನದಲ್ಲಾದರೋ ಸೀಮೆಯ ಮಾತೇ ಬರಹದ ಜೀವ.

ಆಡುಮಾತಿನ ಬರಹ ಖಾಸಗಿ ನೋಟ್‌ಬುಕ್ಕಿಗೆ ಮಾತ್ರ ಸಲ್ಲುತ್ತದೆ ಎನ್ನಲಾಗದು. ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಆರಂಭವಾದ ‘ಖಬರ್ ಲಹರಿಯಾ’ ಪತ್ರಿಕೆಯನ್ನು ಗ್ರಾಮೀಣ ಮಹಿಳೆಯರೇ ಬುಂದೇಲಿಯಲ್ಲಿ ಬರೆದು ಹೊರತಂದರು. ಅದಕ್ಕೆ 2009ರಲ್ಲಿ ಯುನೆಸ್ಕೋದ ಕಿಂಗ್ ಸೆಜಾಂಗ್ ಸಾಕ್ಷರತಾ ಪ್ರಶಸ್ತಿ ದೊರೆಯಿತು. ಹಿಂದಿಯ ನೆರಳಿನಲ್ಲಿದ್ದ ಮಾತು ಅಲ್ಲಿ ಸುದ್ದಿಯ ಭಾಷೆಯಾಯಿತು.

7. ಒಂದು ಆಕ್ಷೇಪ

ಉಪಭಾಷೆಯನ್ನು ಮಾನ್ಯ ಮಾಡುವ ಬೋಧನೆ ಕಲಿಕಾರ್ಥಿಗಳನ್ನು ಅವರಿರುವಲ್ಲೇ ಉಳಿಸುತ್ತದೆ, ಶಿಷ್ಟಭಾಷೆಯ ಲಾಭವನ್ನು ಉಳ್ಳವರಿಗೇ ಬಿಡುತ್ತದೆ ಎಂಬ ಆಕ್ಷೇಪವನ್ನು ಲಘುವಾಗಿ ಕಾಣಬಾರದು. ವಯಸ್ಕ ಕಲಿಕಾರ್ಥಿಗಳು ಸ್ವತಃ ‘ನಮ್ಮ ಮಾತು ನಮಗೆ ಗೊತ್ತು, ಪುಸ್ತಕದ ಮಾತು ಕಲಿಸಿ’ ಎಂದು ಕೇಳಿದರೆ, ಆ ಬೇಡಿಕೆ ನ್ಯಾಯವಾದದ್ದು. ಇಲ್ಲಿ ಪ್ರತಿಪಾದಿಸಿದ ವಿಂಗಡಣೆ ಆ ಬೇಡಿಕೆಗೆ ವಿರುದ್ಧವಾಗಿಲ್ಲ. ಮೂರು ಬಗೆಯ ಸಮಸ್ಯೆಗಳನ್ನು ಒಟ್ಟಿಗೇ ತಿದ್ದಹೊರಟಾಗ ಕಲಿಯುವವರಿಗೆ ಯಾವ ನಿಯಮವೂ ಕಾಣುವುದಿಲ್ಲ. ಕೆಂಪು ಗುರುತುಗಳು ಮಾತ್ರ ಕಾಣುತ್ತವೆ. ಬಿಡಿಸಿಟ್ಟರೆ ಶಿಷ್ಟ ಬರಹವೂ ಬೇಗ ಕೈಗೆ ಬರುವ ಸಾಧ್ಯತೆಯಿದೆ.

8. ಸಮಾರೋಪ

ನಾಣ್ಯಗಳನ್ನು ಅಚ್ಚು ಹಾಕುವ ಸ್ಥಳಕ್ಕೆ ‘ಕಮ್ಮಟ’ ಎಂಬುದು ಹಳೆಯ ಹೆಸರು. ಬರವಣಿಗೆಯ ಕಮ್ಮಟದಲ್ಲಿ ಎಲ್ಲ ನಾಣ್ಯಗಳಿಗೂ ಒಂದೇ ಮುದ್ರೆ ಬೇಕೆಂದು ಬಯಸಿದರೆ ಮೊದಲು ನಿಲ್ಲುವುದು ಕೈಯಲ್ಲಿ ಲೋಹವಿರುವವರ ಬರವು. (ಅ) ಮತ್ತು (ಆ) ಬರಹಗಳ ಹೋಲಿಕೆ ತೋರಿಸಿದಂತೆ, ಶಿಷ್ಟತೆಯ ಹತ್ತಿರವಿರುವುದಕ್ಕೂ ಬರವಣಿಗೆಯ ಸಾಮರ್ಥ್ಯಕ್ಕೂ ನೇರ ಸಂಬಂಧವಿಲ್ಲ. ಇದನ್ನು ಕಾಣಲು ಬೇಕಾದ ಧ್ವನಿವಿಜ್ಞಾನ ಮತ್ತು ಉಪಭಾಷಾ ಜ್ಞಾನ ಸ್ವಯಂಸೇವಕರಲ್ಲಿ ಇರಬೇಕೆಂದು ನಿರೀಕ್ಷಿಸಲಾಗದು. ಅದು ನಮ್ಮ ವಿಭಾಗಗಳಲ್ಲಿದೆ.

ಮಾಡಬಹುದಾದ ಕೆಲಸಗಳು ಮೂರು. ನವಸಾಕ್ಷರರು ಸ್ವತಂತ್ರವಾಗಿ ಬರೆದ ಪಠ್ಯಗಳನ್ನು ಅವರ ಒಪ್ಪಿಗೆಯೊಂದಿಗೆ, ಪ್ರದೇಶ ಮತ್ತು ಮನೆಮಾತಿನ ವಿವರಗಳೊಂದಿಗೆ ಸಂಗ್ರಹಿಸುವುದು. ಅವುಗಳ ಆಧಾರದ ಮೇಲೆ ಪ್ರತಿ ಉಪಭಾಷಾ ಪ್ರದೇಶಕ್ಕೂ ಮಾರ್ಗದರ್ಶಕರು ಬಳಸಬಹುದಾದ ನಾಲ್ಕೈದು ಪುಟಗಳ ಕೈಪಿಡಿ ಸಿದ್ಧಪಡಿಸುವುದು. ಆ ಕೈಪಿಡಿಯನ್ನು ಕಮ್ಮಟಗಳಲ್ಲಿ ಪರೀಕ್ಷಿಸಿ ತಿದ್ದುವುದು. ಮೂರೂ ಪಿಎಚ್.ಡಿ. ಮಟ್ಟದ ಸಂಶೋಧನೆಗೆ ಯೋಗ್ಯವಾದ ಕೆಲಸಗಳು. ಉಪಭಾಷೆಗಳ ಬಗ್ಗೆ ನಾವು ಬರೆದಿಟ್ಟ ವಿವರಣೆಗಳು ಆ ಉಪಭಾಷೆಗಳನ್ನಾಡುವವರ ಕೈಬರಹಕ್ಕೆ ಉಪಯೋಗವಾಗಲು ಇದು ಒಂದು ದಾರಿ.